ಮೈ ನಮ್ಮದು, ಮಾತು ಯಾರದು?

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಚಾಮರಾಜಪೇಟೆಯವರು ನಡೆದೇ ಹೋಗಿ ನೋಡಬಹುದಾಗಿದ್ದ ಆ ಚಿತ್ರ ತಯಾರಾದದ್ದು ದೂರದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ಬಂಡವಾಳ ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್. ಕ್ಯಾಮೆರಾ, ದೀಪ, ಧ್ವನಿಯಂತ್ರ ಎಲ್ಲವೂ ಪರಸ್ಥಳದ್ದು. ಆದರೆ ಮಾತು ಮತ್ತು ಹಾಡು ಬರೆದವರು ಕಂಪನಿ ನಾಟಕಗಳ ಕವಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅವನ್ನು ಆಡಿದವರು ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ರಂಗಭೂಮಿಯಲ್ಲಿ ಪಳಗಿದ ನಟರು. ಚಿತ್ರದ ಮೈ ಕೊಲ್ಹಾಪುರದ್ದಾದರೂ ಮಾತು ನಮ್ಮದೇ ಆಗಿತ್ತು.

ತೊಂಬತ್ತು ವರ್ಷ ಕಳೆದ ಮೇಲೆ ಬೆಂಗಳೂರಿನಲ್ಲಿ ಅದಕ್ಕೆ ತದ್ವಿರುದ್ಧವಾದ ಏರ್ಪಾಡು ನಡೆದಿದೆ. ಜಗತ್ತಿನ ದೊಡ್ಡ ವೀಡಿಯೋ ಗೇಮ್‌ಗಳ ಕಾರು, ಕವಚ, ಹಡಗು, ಬೀದಿ, ಮುಖದ ಸುಕ್ಕುಗಳನ್ನು ಬೆಂಗಳೂರಿನ ಕಲಾವಿದರು ಮಾಡಿಕೊಡುತ್ತಾರೆ. ಆ ಮುಖಗಳು ಏನು ಮಾತಾಡಬೇಕೆಂಬುದು ಬೇರೆ ಖಂಡದಲ್ಲಿ ತೀರ್ಮಾನವಾಗುತ್ತದೆ. ಮೈ ನಮ್ಮದು, ಮಾತು ಅವರದು.

ಕಥೆಯ ಲೋಕವೊಂದರ ಒಡೆಯ ಯಾರು? ಒಡೆಯ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಾಡಿಸಿದಾಗ ಏನಾಗುತ್ತದೆ? ಬರವಣಿಗೆ ಯಾವಾಗ ಉಳಿಯುತ್ತದೆ, ಯಾವಾಗ ಕೆಡುತ್ತದೆ? ಆಟದ ಉದ್ಯಮವನ್ನು ವರ್ಷಗಳಿಂದ ಕಾಡುತ್ತಿರುವ ಈ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾಗಿದೆ. ಹೊರಗುತ್ತಿಗೆಗೆ ಕೊಟ್ಟದ್ದರಿಂದಲೇ ಬರವಣಿಗೆ ಕೆಟ್ಟಿತು ಎಂಬ ಮಾತು ಆಟಗಾರರಲ್ಲಿ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ಬರೆಯುವವರನ್ನು ಯಾವ ಹಂತದಲ್ಲಿ ಕರೆದರು, ಅವರಿಗೆ ತಿದ್ದುವ ಅಧಿಕಾರ ಎಷ್ಟಿತ್ತು, ಆ ಲೋಕವನ್ನು ಅವರು ಎಷ್ಟು ಬಲ್ಲರು ಎಂಬುದರ ಮೇಲೆ ಬರವಣಿಗೆ ನಿಂತಿರುತ್ತದೆ. ಕೆಲಸ ನಡೆದ ಊರು ಯಾವುದೆಂಬುದು ಆಮೇಲಿನ ಮಾತು.

ಒಡೆತನ ಯಾರ ಹೆಸರಿನಲ್ಲಿ?

ಕಾದಂಬರಿ ಬರೆದವರು ಅದರ ಒಡೆಯರು ಎಂದೇ ನಾವು ಭಾವಿಸುತ್ತೇವೆ. ಆಟಗಳಲ್ಲಿ ಹಾಗಿಲ್ಲ. ದೊಡ್ಡ ಆಟವೊಂದರ ಹೆಸರು, ಪಾತ್ರ, ಊರು, ಅಲ್ಲಿಯ ಇತಿಹಾಸ ಎಲ್ಲವೂ ಸಾಮಾನ್ಯವಾಗಿ ಹಣ ಹೂಡಿದ ಪ್ರಕಾಶನ ಸಂಸ್ಥೆಯ ಸ್ವತ್ತು. ಅದನ್ನು ಕಟ್ಟಿದ ಸ್ಟುಡಿಯೋ ಎಷ್ಟೋ ಸಲ ಗುತ್ತಿಗೆದಾರ ಮಾತ್ರ. ಬರೆದವರು ಆ ಗುತ್ತಿಗೆದಾರರ ಸಂಬಳದಾಳು. ಹೆಸರು ಜನಪ್ರಿಯವಾದ ಮೇಲೆ ಮುಂದಿನ ಭಾಗ, ಹಳೆಯದರ ಮರುನಿರ್ಮಾಣ, ಮಗ್ಗುಲಲ್ಲಿ ಚಿಗುರುವ ಸ್ಪಿನ್-ಆಫ್ ಎಂಬ ಕವಲು ಆಟ, ಇವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಒಡೆಯರ ಹಕ್ಕು. ಇಂಥ ಆಸ್ತಿಯನ್ನೇ ಫ್ರಾಂಚೈಸಿ ಎನ್ನುವುದು.

ಈ ಏರ್ಪಾಡಿನ ಕಹಿಯನ್ನು ಎಸ್ಟೋನಿಯಾದ ರಾಬರ್ಟ್ ಕುರ್ವಿಟ್ಸ್ ಅವರಷ್ಟು ಉಂಡವರು ಕಡಿಮೆ. ಗೆಳೆಯರೊಂದಿಗೆ ವರ್ಷಗಟ್ಟಲೆ ಕಟ್ಟಿದ ಕಲ್ಪನಾಲೋಕದಲ್ಲಿ ಅವರು 2013ರಲ್ಲಿ ಕಾದಂಬರಿಯೊಂದನ್ನು ಬರೆದರು. ಅದೇ ಲೋಕದಲ್ಲಿ 2019ರಲ್ಲಿ ‘ಡಿಸ್ಕೋ ಎಲಿಸಿಯಮ್’ ಎಂಬ ಆಟ ಬಂತು. ಬರವಣಿಗೆಯ ಸೊಗಸಿಗಾಗಿ ಇಷ್ಟೊಂದು ಕೊಂಡಾಡಿಸಿಕೊಂಡ ಆಟ ಇತ್ತೀಚಿನ ವರ್ಷಗಳಲ್ಲಿ ಅಪರೂಪ. ಕುರ್ವಿಟ್ಸ್ ಮತ್ತು ಇನ್ನಿಬ್ಬರು ಮುಖ್ಯ ಸೃಷ್ಟಿಕರ್ತರು ಕಂಪನಿಯಿಂದ ಹೊರಬಿದ್ದಿದ್ದಾರೆಂಬ ಸುದ್ದಿ 2022ರಲ್ಲಿ ಹೊರಗೆ ಬಂತು. ಅವರು ಹೋದರು, ಅವರು ಹುಟ್ಟಿಸಿದ ಲೋಕ ಕಂಪನಿಯ ಬಳಿಯೇ ಉಳಿಯಿತು.

ಪೋಲೆಂಡಿನ ಕಾದಂಬರಿಕಾರ ಆಂಜೆಯ್ ಸಪ್ಕೋವ್‌ಸ್ಕಿಯವರದು ಬೇರೆ ಬಗೆ. ತಮ್ಮ ‘ವಿಚರ್’ ಕಥೆಗಳ ಆಟದ ಹಕ್ಕನ್ನು ಅವರು ಲಾಭದ ಪಾಲು ಬೇಡವೆಂದು ಇಡಿಗಂಟಿಗೆ ಮಾರಿದರು. ಆಟಗಳು ಜಗತ್ತಿನಾದ್ಯಂತ ಗೆದ್ದವು. 2018ರಲ್ಲಿ ಅವರು ಕಂಪನಿಯಿಂದ 6 ಕೋಟಿ ಝ್ಲೋಟಿ ಕೇಳಿದರು. 2019ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು. ಜೋರ್ಡನ್ ಮೆಕ್ನರ್ ಮಾತ್ರ ಮೊದಲೇ ಎಚ್ಚರದಿಂದಿದ್ದರು. 1989ರಲ್ಲಿ ತಾವು ಮಾಡಿದ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಹಕ್ಕನ್ನು ಕೈಬಿಡದೆ ಉಳಿಸಿಕೊಂಡರು. 2003ರಲ್ಲಿ ಯೂಬಿಸಾಫ್ಟ್ ಅದನ್ನು ‘ಸ್ಯಾಂಡ್ಸ್ ಆಫ್ ಟೈಮ್’ ಆಗಿ ಹೊಸದಾಗಿ ಕಟ್ಟಿದಾಗ ಚಿತ್ರಕಥೆ ಬರೆದವರೂ ಅವರೇ. ಆ ಆಟದ ಮಾತಿಗೆ ಇಂದಿಗೂ ಇರುವ ಮೆಚ್ಚುಗೆಗೂ, ಹಕ್ಕುಳ್ಳವರೇ ಬರೆಯಲು ಕುಳಿತದ್ದಕ್ಕೂ ಸಂಬಂಧವಿದೆ.

ಭಾರತದ ಕಾನೂನು ಇಲ್ಲಿ ಏನು ಹೇಳುತ್ತದೆಂಬುದು ನಮ್ಮ ಬರಹಗಾರರಿಗೆ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ನೌಕರಿಯ ಭಾಗವಾಗಿ ಬರೆದ ಕೃತಿಯ ಮೊದಲ ಒಡೆಯ ಮಾಲೀಕನೇ, ಬೇರೆ ಒಪ್ಪಂದ ಇಲ್ಲದಿದ್ದರೆ. 2012ರ ತಿದ್ದುಪಡಿ ಚಲನಚಿತ್ರಗಳಿಗೆ ಬರೆಯುವ ಸಾಹಿತಿಗಳ ರಾಯಧನದ ಹಕ್ಕನ್ನು ಭದ್ರಪಡಿಸಿತು. ಆದರೆ ಕಾಯ್ದೆಯಲ್ಲಿ ವೀಡಿಯೋ ಗೇಮ್ ಎಂಬ ಪ್ರತ್ಯೇಕ ವರ್ಗವೇ ಇಲ್ಲದ್ದರಿಂದ ಆಟಕ್ಕೆ ಬರೆಯುವವರು ಎಲ್ಲ ಭರವಸೆಯನ್ನೂ ಒಪ್ಪಂದಪತ್ರದಲ್ಲೇ ಹುಡುಕಬೇಕು. ಅದೇ ತಿದ್ದುಪಡಿಯಲ್ಲಿ ಒಂದು ಆಸರೆಯೂ ಇದೆ. ಹಕ್ಕನ್ನು ಬರೆದುಕೊಟ್ಟ ಕಾಲಕ್ಕೆ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಾರದಿದ್ದ ಮಾಧ್ಯಮಕ್ಕೆ, ಒಪ್ಪಂದದಲ್ಲಿ ಹೆಸರಿಸಿ ಹೇಳದ ಹೊರತು, ಆ ಹಕ್ಕು ಅನ್ವಯಿಸದು. ಅವಧಿ ನಮೂದಿಸದ ಒಪ್ಪಂದಕ್ಕೆ ಮೂಲ ಕಾಯ್ದೆ ಕೊಡುವುದೂ ಐದೇ ವರ್ಷ ಆಯುಸ್ಸು. ಕಾದಂಬರಿಯ ‘ಎಲ್ಲ ಹಕ್ಕು’ಗಳಿಗೆ ಕಣ್ಣುಮುಚ್ಚಿ ಸಹಿ ಹಾಕುವ ಮೊದಲು ಈ ಸಾಲುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಹೊರಗೆ ಕೊಟ್ಟ ಆಟಗಳ ಲೆಕ್ಕ

ಹೊರಗಿನವರು ಮಾಡಿದರೆ ಕಥೆ ಕೆಡುತ್ತದೆ ಎಂಬ ನಂಬಿಕೆಗೆ ಮೊದಲ ಉತ್ತರ ‘ಫಾಲ್‌ಔಟ್: ನ್ಯೂ ವೇಗಸ್’. ಫಾಲ್‌ಔಟ್ ಲೋಕ ಹುಟ್ಟಿದ್ದು 1997ರಲ್ಲಿ, ಇಂಟರ್‌ಪ್ಲೇ ಸಂಸ್ಥೆಯಲ್ಲಿ. 2007ರಲ್ಲಿ ಬೆಥೆಸ್ಡಾ ಅದನ್ನು ಕೊಂಡುಕೊಂಡಿತು. 2008ರಲ್ಲಿ ಮೂರನೆಯ ಭಾಗವನ್ನು ತಾನೇ ಮಾಡಿ, ಅದರ ಮಗ್ಗುಲಿನ ಆಟವನ್ನು ಆಬ್ಸಿಡಿಯನ್ ಎಂಬ ಹೊರಗಿನ ಸ್ಟುಡಿಯೋಗೆ ಕೊಟ್ಟಿತು. ಸಿಕ್ಕ ಸಮಯ ಸುಮಾರು ಹದಿನೆಂಟು ತಿಂಗಳು. 2010ರಲ್ಲಿ ಬಂದ ಆಟದಲ್ಲಿ ದೋಷಗಳು ತುಂಬಿದ್ದವು. ವಿಮರ್ಶೆಗಳ ಸರಾಸರಿ 85 ಮುಟ್ಟಿದರೆ ಹೆಚ್ಚುವರಿ ಹಣವೆಂಬ ಮಾತಾಗಿತ್ತು, ಬಂದದ್ದು 84. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಆ ಇಡೀ ಸರಣಿಯಲ್ಲಿ ಬರವಣಿಗೆಗೆ ಮೊದಲ ಮಣೆ ಯಾವುದಕ್ಕೆಂದು ಕೇಳಿದರೆ ಅನೇಕ ಆಟಗಾರರು ಇಂದಿಗೂ ಬೆರಳು ತೋರುವುದು ಆ ಕವಲು ಆಟಕ್ಕೆ. ಕಾರಣ ಸರಳ: ಆಬ್ಸಿಡಿಯನ್‌ನ ಹಲವರು ಮೂಲ ಫಾಲ್‌ಔಟ್‌ಗೆ ದುಡಿದ ಬಳಗದವರು. ಒಡೆತನ ಬೇರೆ ಮನೆಗೆ ಹೋಗಿತ್ತು, ನೆನಪು ಇವರಲ್ಲಿತ್ತು.

ಅದೇ ಆಬ್ಸಿಡಿಯನ್ 2004ರಲ್ಲಿ ಲ್ಯೂಕಸ್‌ಆರ್ಟ್ಸ್ ಒಡೆತನದ ಸ್ಟಾರ್ ವಾರ್ಸ್ ಲೋಕದಲ್ಲಿ, ಬಯೋವೇರ್ ಸ್ಟುಡಿಯೋ ಆರಂಭಿಸಿದ್ದ ಕಥೆಗೆ ಎರಡನೆಯ ಭಾಗ ಬರೆದಿತ್ತು. ಒಂದೂವರೆ ವರ್ಷವೂ ಇಲ್ಲದ ಗಡುವಿನಲ್ಲಿ ಕಥೆಯ ಕೊನೆಯ ಭಾಗ ಹರಿದುಹೋಯಿತು. ಕತ್ತರಿಸಿ ಎಸೆದ ದೃಶ್ಯಗಳನ್ನು ಆಟದ ಕಡತಗಳಿಂದ ಹೆಕ್ಕಿ, ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದು ಜೋಡಿಸಿದವರು ಅಭಿಮಾನಿಗಳು. ಬರವಣಿಗೆಯಲ್ಲಿ ಅಷ್ಟು ಸತ್ವವಿಲ್ಲದಿದ್ದರೆ ಯಾರು ಆ ಪಾಡು ಪಡುತ್ತಿದ್ದರು? ಕೆಡಿಸಿದ್ದು ಗಡುವು, ಬರೆದವರು ಹೊರಗಿನವರಾದದ್ದಲ್ಲ.

ಎದುರು ಬದಿಯ ಉದಾಹರಣೆಗಳೂ ಇವೆ. ಜಪಾನಿನ ಕೊನಾಮಿ ಒಡೆತನದ ‘ಸೈಲೆಂಟ್ ಹಿಲ್’ ಎಂಬ ಭಯಾನಕ ಆಟಗಳ ಸರಣಿ 1999ರಿಂದ 2004ರವರೆಗೆ ಒಳಗಿನ ತಂಡದ ಕೈಯಲ್ಲಿತ್ತು. ಆಮೇಲೆ ಒಂದೊಂದು ಭಾಗ ಒಂದೊಂದು ದೇಶಕ್ಕೆ ಹೋಯಿತು: 2007ರಲ್ಲಿ ಬ್ರಿಟನ್, 2008ರಲ್ಲಿ ಅಮೆರಿಕ, 2012ರಲ್ಲಿ ಝೆಕ್ ಗಣರಾಜ್ಯ. ಪ್ರತಿ ಸಲವೂ ಹೊಸಬರು ಹಳೆಯ ಚಿಹ್ನೆಗಳನ್ನು ತಂದು ನಿಲ್ಲಿಸಿದರು. ಮಂಜು ಇತ್ತು, ತುಕ್ಕು ಹಿಡಿದ ಗೋಡೆ ಇತ್ತು, ದೆವ್ವವೂ ಇತ್ತು. ಆ ದೆವ್ವ ಯಾರ ಪಾಪಕ್ಕೆ ಹುಟ್ಟಿತೆಂಬ ತರ್ಕ ತೆಳ್ಳಗಾಗುತ್ತ ಬಂತು. 2025ರಲ್ಲಿ ಬಂದ ‘ಸೈಲೆಂಟ್ ಹಿಲ್ ಎಫ್’ ಕೂಡ ಹೊರಗಿನದೇ, ಕಟ್ಟಿದ್ದು ತೈವಾನಿನ ಸ್ಟುಡಿಯೋ. ಆದರೆ ಈ ಸಲ ಕಥೆಯನ್ನು ರ್ಯೂಕಿಶಿ07 ಎಂಬ ಹೆಸರಿನಲ್ಲಿ ಬರೆಯುವ ಜಪಾನಿ ಲೇಖಕರಿಗೆ ಮೊದಲೇ ಒಪ್ಪಿಸಿದ್ದರು; ಕಥೆ 1960ರ ದಶಕದ ಜಪಾನಿನ ಹಳ್ಳಿಯದು. ಸರಣಿಗೆ ಮತ್ತೆ ಜೀವ ಬಂತು. ಮೈ ತೈವಾನಿನದು, ಮಾತು ಆ ನೆಲವನ್ನು ಬಲ್ಲವರದು. ನಮ್ಮ ‘ಸತಿ ಸುಲೋಚನ’ದ ಏರ್ಪಾಡೂ ಇದೇ ಆಗಿತ್ತು.

ಮನೆಯೊಳಗೇ ಮಾಡಿದರೆ ಕ್ಷೇಮ ಎನ್ನುವವರಿಗೆ 2017ರ ‘ಮಾಸ್ ಎಫೆಕ್ಟ್: ಆಂಡ್ರೊಮಿಡಾ’ ಉತ್ತರ. ಅದನ್ನು ಯಾರೂ ಪರರಿಗೆ ಕೊಟ್ಟಿರಲಿಲ್ಲ, ಮಾಡಿದ್ದು ಬಯೋವೇರ್‌ನದೇ ಮಾಂಟ್ರಿಯಲ್ ಶಾಖೆ. ಆದರೂ ಅದರ ಸಂಭಾಷಣೆ ಮತ್ತು ಮುಖಭಾವಗಳು ಎಷ್ಟು ಟೀಕೆಗೆ ಗುರಿಯಾದುವೆಂದರೆ ಆ ಸರಣಿ ವರ್ಷಗಟ್ಟಲೆ ನಿಂತುಹೋಯಿತು.

ಬೆಂಗಳೂರಿಗೆ ಹತ್ತಿರದ ಪಾಠ ಇನ್ನೊಂದಿದೆ. 2021ರ ನವೆಂಬರಿನಲ್ಲಿ, ಬೆಂಗಳೂರಿನಲ್ಲೂ ಸ್ಟುಡಿಯೋ ಇರುವ ರಾಕ್‌ಸ್ಟಾರ್ ಸಂಸ್ಥೆ ತನ್ನ ಮೂರು ಹಳೆಯ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಆಟಗಳನ್ನು ಹೊರಗಿನ ಅಮೆರಿಕನ್ ಸ್ಟುಡಿಯೋದಿಂದ ಹೊಸದಾಗಿ ಮಾಡಿಸಿ ಬಿಡುಗಡೆ ಮಾಡಿತು. ಹಳೆಯ ಆಟದ ಬೀದಿಯಲ್ಲಿ ‘ಟಫ್ ನಟ್ ಡೋನಟ್ಸ್’ ಎಂಬ ತಿಂಡಿಯಂಗಡಿಯಿತ್ತು. ಅದರ ಫಲಕದ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ಟಿನ ಚಿತ್ರ. ಹೆಸರಿನಲ್ಲಿರುವ ಶ್ಲೇಷೆಯೇ ಅದು. ಹೊಸ ಆವೃತ್ತಿಯಲ್ಲಿ ಯಂತ್ರ ಚಿತ್ರಗಳ ಒರಟುತನವನ್ನು ನಯಗೊಳಿಸುವಾಗ ಆ ಆರು ಮೂಲೆಗಳು ಸವೆದು ನಟ್ಟು ದುಂಡಗಿನ ಉಂಗುರವಾಯಿತು. ಬೇರೆ ಅಂಗಡಿಗಳ ಫಲಕಗಳಲ್ಲಿ ಕಾಗುಣಿತವೇ ಕೆಟ್ಟಿತು. ಸಂಸ್ಥೆ ಕ್ಷಮೆ ಕೇಳಿ ತಿದ್ದುಪಡಿಗಳನ್ನು ಹೊರಡಿಸಬೇಕಾಯಿತು. ಆಟದಲ್ಲಿ ಬರವಣಿಗೆ ಎಂದರೆ ಸಂಭಾಷಣೆಯಷ್ಟೇ ಅಲ್ಲ. ಅಂಗಡಿಯ ಫಲಕ, ಗೋಡೆಯ ಮೇಲಿನ ಬರಹ, ಮೇಜಿನ ಮೇಲೆ ಬಿಟ್ಟುಹೋದ ಚೀಟಿ ಎಲ್ಲವೂ ಕಥೆ ಹೇಳುತ್ತವೆ. ಚಿತ್ರ ತಿದ್ದುವವರಿಗೆ ಫಲಕದ ಅರ್ಥವನ್ನು ಯಾರೂ ಹೇಳದಿದ್ದರೆ ಮೊದಲು ಸವೆಯುವುದು ಆ ಅರ್ಥವೇ.

ಮಾತು ಎಲ್ಲಿ ಕೆಡುತ್ತದೆ

ಈ ಉದಾಹರಣೆಗಳ ಹಿಂದೆ ಒಂದು ಕೆಲಸದ ಕ್ರಮವಿದೆ. ಗುತ್ತಿಗೆಯ ಹಣ ಹಂತ ಹಂತವಾಗಿ, ಮೈಲ್‌ಸ್ಟೋನ್ ಎಂಬ ಗುರುತು ಮುಟ್ಟಿದಾಗ ಬರುತ್ತದೆ. ಒಡೆಯರಿಗೆ ತೋರಿಸಲು ಬೇಕಾದ್ದು ಕಣ್ಣಿಗೆ ಕಾಣುವ ಪ್ರಗತಿ: ಓಡುವ ಪಾತ್ರ, ಉರಿಯುವ ಕಟ್ಟಡ. ಒಳ್ಳೆಯ ವಾಕ್ಯವನ್ನು ಆ ಪಟ್ಟಿಯಲ್ಲಿ ಗುರುತಿಸುವುದು ಕಷ್ಟ. ಹಾಗಾಗಿ ಎಷ್ಟೋ ಕಡೆ ಕೋಟೆ, ಕಾಡು, ಕಾದಾಟ ಎಲ್ಲ ಸಿದ್ಧವಾದ ಮೇಲೆ ಬರಹಗಾರರನ್ನು ಕರೆದು, ಇವುಗಳ ನಡುವೆ ಒಂದು ಕಥೆ ಕೂಡಿಸಿ ಎನ್ನುತ್ತಾರೆ. ಅಷ್ಟರೊಳಗೆ ಒಂದು ಊರನ್ನೇ ಕೈಬಿಟ್ಟಿದ್ದರೆ ಅಲ್ಲಿದ್ದ ಪಾತ್ರದ ಸಾವಿಗೆ ಬೇರೆ ಕಾರಣ ಹುಡುಕಬೇಕು. ನಟರ ಧ್ವನಿ ಮುದ್ರಿಸಿದ ಮೇಲೆ ಒಂದು ಸಾಲು ತಿದ್ದಬೇಕೆಂದರೂ ಖರ್ಚು. ಆದ್ದರಿಂದ ತಪ್ಪೆಂದು ಗೊತ್ತಿದ್ದ ಸಾಲುಗಳೂ ಉಳಿದುಬಿಡುತ್ತವೆ.

ಕವಲು ಆಟಕ್ಕೆ ಇದರ ಜೊತೆಗೆ ಒಪ್ಪಿಗೆಯ ಸರದಿಯೂ ಇದೆ. ಬರೆದದ್ದು ಒಡೆಯರ ಬಳಿಗೆ ಹೋಗಿ ಮರಳಿ ಬರಬೇಕು. ಒಡೆಯರ ಬಳಿ ಕಥೆಯನ್ನು ಬಲ್ಲ, ಇಂಥ ಪಾತ್ರ ಹೀಗೆ ಮಾತಾಡದು ಎಂದು ಹೇಳಬಲ್ಲವರು ಇದ್ದರೆ ಆ ಸರದಿಯೇ ಬರವಣಿಗೆಯನ್ನು ಕಾಯುತ್ತದೆ. ಅಲ್ಲಿರುವುದು ಹೆಸರಿನ ಮಾರಾಟ ನೋಡುವ ವಿಭಾಗ ಮಾತ್ರವಾದರೆ ಬರುವ ಸೂಚನೆಗಳೆಲ್ಲ ಬೇಡ ಎನ್ನುವವೇ: ಈ ಪಾತ್ರ ಸಾಯಬಾರದು, ಆ ದೇಶದ ಹೆಸರು ಬರಬಾರದು. ಏನೂ ಆಗಬಾರದ ಲೋಕದಲ್ಲಿ ಕಥೆ ನಡೆಯುವುದಾದರೂ ಹೇಗೆ?

ಬೆಂಗಳೂರಿನ ಪಾಲು

ಬೆಂಗಳೂರಿನ ಆಟದ ಉದ್ಯಮಕ್ಕೆ ಈಗ ಮೂರು ದಶಕ ತುಂಬುತ್ತ ಬಂದಿದೆ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟದ ಸ್ಟುಡಿಯೋಗಳಲ್ಲಿ ಒಂದು. ಆರಂಭದಲ್ಲೇ ಅದು ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ‘ಮಿಷನ್: ಇಂಪಾಸಿಬಲ್’ ಆಟದ ಕೆಲಸ ಹಿಡಿದಿತ್ತು, ಅಂದರೆ ಇಲ್ಲಿಯ ಕಥೆ ಮೊದಲಾದದ್ದೇ ಪರರ ಫ್ರಾಂಚೈಸಿಯಿಂದ. ಮುಂದೆ ‘ಫೋರ್ಜಾ ಹೊರೈಜನ್’, ‘ಹೇಲೋ 5’, ‘ಸೀ ಆಫ್ ಥೀವ್ಸ್’ನಂಥ ಆಟಗಳ ಚಿತ್ರಕೆಲಸದಲ್ಲಿ ಅದು ಹೆಸರು ಮಾಡಿತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2019ರಲ್ಲಿ ಸ್ಟಾರ್‌ಬ್ರೀಜ್ ಸಂಕಷ್ಟಕ್ಕೆ ಸಿಲುಕಿದಾಗ ಸುಮಾರು 79 ಲಕ್ಷ ಡಾಲರಿಗೆ ಧ್ರುವ ರಾಕ್‌ಸ್ಟಾರ್ ಬಳಗದ ಪಾಲಾಗಿ, ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದಲ್ಲಿ ಸೇರಿಹೋಯಿತು. ಎರಡು ದಶಕ ದುಡಿದ ಸ್ಟುಡಿಯೋದ ನೈಪುಣ್ಯ ಉಳಿಯಿತು, ಹೆಸರು ಉಳಿಯಲಿಲ್ಲ. ಜನ ಹೆಸರು ಹಿಡಿದು ಕೇಳುವಂಥ ಸ್ವಂತ ಲೋಕವೊಂದು ಅದರ ಕೈಯಲ್ಲಿದ್ದಿದ್ದರೆ ಆ ವ್ಯವಹಾರದ ಮಾತುಕತೆಯೇ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಚಿತ್ರಕೆಲಸದ ಮೇಲಷ್ಟೇ ನಿಂತರೆ ಎಂಥ ಅಪಾಯವಿದೆ ಎಂಬುದನ್ನು 2025ರ ಫೆಬ್ರವರಿ ತೋರಿಸಿತು. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು ಮತ್ತು ಮುಂಬಯಿಯಲ್ಲಿ ಸಾವಿರಾರು ಕಲಾವಿದರು ಒಂದೆರಡು ದಿನಗಳಲ್ಲಿ ಕೆಲಸ ಕಳೆದುಕೊಂಡರು. ಸಿನಿಮಾ ಮತ್ತು ಆಟಗಳಿಗೆ ಅವರು ಮಾಡಿದ ಚಿತ್ರಗಳಲ್ಲಿ ಒಂದರ ಮೇಲೂ ಅವರ ಹಕ್ಕಿರಲಿಲ್ಲ.

ಭಾರತದ ಸ್ಟುಡಿಯೋಗೆ ಇಡೀ ಆಟವನ್ನು ಒಪ್ಪಿಸುವ ದೊಡ್ಡ ಪ್ರಯತ್ನವೂ ನಡೆಯಿತು. ಮೆಕ್ನರ್ ಬರೆದ ಅದೇ ‘ಸ್ಯಾಂಡ್ಸ್ ಆಫ್ ಟೈಮ್’ನ ಮರುನಿರ್ಮಾಣವನ್ನು ಯೂಬಿಸಾಫ್ಟ್ ತನ್ನ ಪುಣೆ ಮತ್ತು ಮುಂಬಯಿ ಶಾಖೆಗಳಿಗೆ ಕೊಟ್ಟು 2020ರಲ್ಲಿ ಘೋಷಿಸಿತು. ಮೊದಲ ತುಣುಕಿನ ಚಿತ್ರಗಳನ್ನು ಜನ ಮೆಚ್ಚಲಿಲ್ಲ. ಬಿಡುಗಡೆ ಮುಂದೆ ಮುಂದೆ ಹೋಗಿ, 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೊರಟುಹೋಯಿತು. ಭಾರತದವರಿಗೆ ಇದು ಆಗದು ಎಂದು ಅದನ್ನು ಓದಿದವರು ಹಲವರು. ವರ್ಷಗಟ್ಟಲೆ ಬಿಡಿಭಾಗ ಮಾಡಿಕೊಟ್ಟವರಿಗೆ ಒಮ್ಮೆಲೇ ಇಡೀ ಮನೆ ಕಟ್ಟಲು ಹೇಳಿದರೆ ಏನಾಗುತ್ತದೆಂದು ಓದುವುದು ಹೆಚ್ಚು ನ್ಯಾಯ.

ನಮ್ಮ ಸಿನಿಮಾಗಳ ಕವಲು ಆಟಗಳೂ ಕರ್ನಾಟಕದಲ್ಲಿ ಹುಟ್ಟಿವೆ. ಉಡುಪಿಯ 99ಗೇಮ್ಸ್ 2013ರಲ್ಲಿ ‘ಧೂಮ್ 3’, 2016ರಲ್ಲಿ ‘ಫ್ಯಾನ್’ ಮತ್ತು ‘ಸುಲ್ತಾನ್’ ಚಿತ್ರಗಳ ಆಟ ಮಾಡಿತು. ಬೆಂಗಳೂರಿನ ಮೂನ್‌ಫ್ರಾಗ್ 2017ರಲ್ಲಿ ‘ಬಾಹುಬಲಿ’ಯ ಆಟ ಮಾಡಿತು. ಚಿತ್ರ ತೆರೆಕಾಣುವ ದಿನಕ್ಕೆ ಸಿದ್ಧವಾಗಬೇಕಾದ ಇಂಥ ಆಟಗಳು ಆ ಚಿತ್ರಗಳ ಪ್ರಚಾರಕ್ಕೆ ಜೊತೆಯಾಗುತ್ತವೆ. ಬೈಕು ಓಡಿಸುವುದು, ಊರು ಕಟ್ಟುವುದು, ಸೇನೆ ಬೆಳೆಸುವುದು ಇವುಗಳ ಮುಖ್ಯ ಕೆಲಸ, ಕಥೆಗೆ ಅಲ್ಲಿ ಜಾಗವೇ ಕಡಿಮೆ. 99ಗೇಮ್ಸ್‌ನವರೇ 2014ರಲ್ಲಿ ತಂದ ‘ಸ್ಟಾರ್ ಶೆಫ್’ ಪೂರ್ತಿ ಅವರದೇ ಆಟ. ಚಿತ್ರದ ಆಟ ಚಿತ್ರದೊಂದಿಗೆ ಮರೆಯಾಗುತ್ತದೆ. ಸ್ವಂತದ್ದು ಮುಂದಿನ ಭಾಗ ಹೆರುವ ಬಸಿರನ್ನು ಉಳಿಸಿಕೊಂಡಿರುತ್ತದೆ.

ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಆಟಗಳಿಗಾಗಿ 2012ರಷ್ಟು ಹಿಂದೆಯೇ ನೀತಿ ರೂಪಿಸಿತು, 2024ರಲ್ಲಿ ಅದನ್ನು ಹೊಸದಾಗಿ ಪ್ರಕಟಿಸಿತು. ತರಬೇತಿ, ಉದ್ಯೋಗ, ಯಂತ್ರೋಪಕರಣ ಎಲ್ಲಕ್ಕೂ ಬೆಂಬಲ ಬೇಕೇ ಬೇಕು. ಆಟಕ್ಕೆ ಬರೆಯುವವರನ್ನೂ ಅಷ್ಟೇ ಕಾಳಜಿಯಿಂದ ತಯಾರು ಮಾಡಬೇಕೆಂಬುದು ನನ್ನ ಒತ್ತಾಯ.

ಮಾಲ್ಗುಡಿಯ ಎರಡು ಪಾಠ

ಒಡೆತನ ಮತ್ತು ಬರವಣಿಗೆಯ ನಂಟಿನ ಬಗ್ಗೆ ಹಳೆ ಬೆಂಗಳೂರಿನವರಿಗೆ ಹೊರಗಿನ ಪಾಠ ಬೇಕಿಲ್ಲ. 1930ರ ವಿಜಯದಶಮಿಯಂದು ಆರ್.ಕೆ. ನಾರಾಯಣ್ ಇದೇ ಊರಿನಲ್ಲಿ, ಅಜ್ಜಿಯ ಮನೆಯಲ್ಲಿ, ಹೊಸ ನೋಟುಬುಕ್ಕು ತೆರೆದು ಮಾಲ್ಗುಡಿಯ ಮೊದಲ ಸಾಲು ಬರೆದರು. ಮಲ್ಲೇಶ್ವರ ಮತ್ತು ಬಸವನಗುಡಿಗಳ ಹೆಸರು ಬೆಸೆದು ಮಾಲ್ಗುಡಿ ಆಯಿತೆಂದು ನಾವು ಅಕ್ಕರೆಯಿಂದ ಹೇಳಿಕೊಳ್ಳುತ್ತೇವೆ. ನಾರಾಯಣ್ ಬರೆದುಕೊಂಡಿರುವಂತೆ ಮೊದಲು ಮನಸ್ಸಿಗೆ ಬಂದದ್ದು ಒಂದು ರೈಲು ನಿಲ್ದಾಣ, ಹೆಸರು ಅದರೊಂದಿಗೇ ಬಂತು. ಹೇಗೇ ಇರಲಿ, ಅದು ಕಾದಂಬರಿಯಿಂದ ಕಾದಂಬರಿಗೆ ಬೆಳೆದ ಒಂದು ಲೋಕ. ಇಂದಿನ ಮಾತಿನಲ್ಲಿ ಫ್ರಾಂಚೈಸಿ.

ಅವರ ‘ದಿ ಗೈಡ್’ ಸಿನಿಮಾ ಆಗುವಾಗ ನಾರಾಯಣ್ ಚಿತ್ರತಂಡವನ್ನು ಮೈಸೂರಿನ ಸುತ್ತಮುತ್ತ ಕರೆದೊಯ್ದು ತಮ್ಮ ಕಥೆಯ ಜಾಗಗಳನ್ನು ತೋರಿಸಿದ್ದರು. ತಂಡ ಎಲ್ಲ ನೋಡಿಕೊಂಡು ಹೋಗಿ ಚಿತ್ರೀಕರಣವನ್ನು ರಾಜಸ್ಥಾನಕ್ಕೆ ಒಯ್ದಿತು. ಇಂಗ್ಲಿಷ್ ಆವೃತ್ತಿಯ ಬರವಣಿಗೆಗೆ ನೊಬೆಲ್ ಪಡೆದ ಪರ್ಲ್ ಬಕ್ ಅವರೇ ಇದ್ದರು. ಬರಹಗಾರರು ಎಷ್ಟು ದೊಡ್ಡವರಾದರೇನು, ಆ ಊರು ಅವರ ಒಳಗಿರಲಿಲ್ಲ. ಹಿಂದಿ ಚಿತ್ರ 1965ರಲ್ಲಿ ಜನರ ಮನಸ್ಸು ಗೆದ್ದಿತು, ಅದರ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಮಾಲ್ಗುಡಿಯನ್ನು ಹುಟ್ಟಿಸಿದವರಿಗೆ ಮಾತ್ರ ಅದರಲ್ಲಿ ಮಾಲ್ಗುಡಿ ಕಾಣಲಿಲ್ಲ. ಆ ನೋವನ್ನು ಅವರು ದೀರ್ಘ ಲೇಖನವಾಗಿ ಬರೆದಿಟ್ಟರು.

ಎರಡು ದಶಕಗಳ ಬಳಿಕ ಅದೇ ಲೋಕ ಶಂಕರ್ ನಾಗ್ ಕೈಗೆ ಬಂತು. ಟಿ.ಎಸ್. ನರಸಿಂಹನ್ ನಿರ್ಮಾಣದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಭಾಷೆ ಹಿಂದಿ ಮತ್ತು ಇಂಗ್ಲಿಷ್, ನೆಲ ಆಗುಂಬೆ. ಅಂದರೆ ಅದೂ ಮೂಲದಿಂದ ದೂರವೇ. ಆದರೆ ಬಾಲಕ ಸ್ವಾಮಿಯ ಪಾತ್ರಕ್ಕೆ ಮಾಸ್ಟರ್ ಮಂಜುನಾಥ್, ಅವನ ತಂದೆಗೆ ಗಿರೀಶ ಕಾರ್ನಾಡ್, ತಾಯಿಗೆ ವೈಶಾಲಿ ಕಾಸರವಳ್ಳಿ. ರೇಖಾಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಹಿಂದಿಯಲ್ಲಿ ಮಾತಾಡಿದರೂ ಆ ಮನೆಯ ಜಗಲಿ, ಅಜ್ಜಿಯ ಗದರಿಕೆ, ಮೇಷ್ಟರ ಬೆತ್ತ ಎಲ್ಲವೂ ಅವರು ಕಂಡುಂಡವು. ಭಾಷೆ ಬದಲಾದರೂ ಲೋಕ ಉಳಿಯಿತು. ಧಾರಾವಾಹಿಗೆ ಬಳಸಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಆಯಿತು. ಕಲ್ಪನೆಯ ನಿಲ್ದಾಣವೊಂದು ನೆಲದ ಮೇಲೆ ನಿಂತದ್ದು ಕವಲು ಕೃತಿಯ ಸತ್ಯದಿಂದ.

‘ಗೈಡ್’ ಮತ್ತು ‘ಮಾಲ್ಗುಡಿ ಡೇಸ್’ ಎರಡೂ ಹೊರಗಿನವರ ಕೈಗೆ ಕೊಟ್ಟ ಕೆಲಸವೇ. ಒಂದರಲ್ಲಿ ಲೋಕ ಕಳೆಯಿತು, ಇನ್ನೊಂದರಲ್ಲಿ ಬೆಳೆಯಿತು. ಸೈಲೆಂಟ್ ಹಿಲ್ ಮತ್ತು ನ್ಯೂ ವೇಗಸ್‌ಗಳ ನಡುವಣ ಅಂತರವೂ ಇಷ್ಟೇ.

ನಮ್ಮ ಕೈಯಲ್ಲಿರುವ ಮಾತು

ಕನ್ನಡದಲ್ಲಿ ಆಟ ಬರೆಯುವುದೆಂದರೆ ಇಂಗ್ಲಿಷಿನದನ್ನು ಕೊನೆಗೆ ಅನುವಾದಿಸಿ ಅಂಟಿಸುವುದು ಎಂದುಕೊಂಡವರು ಒಂದೇ ಒಂದು ಸಾಲನ್ನು ಪರೀಕ್ಷಿಸಿ ನೋಡಲಿ. ಬಾಗಿಲು ಕಾಯುವವನು ಆಟಗಾರನನ್ನು ನೀನು ಯಾರೆಂದು ಕೇಳಬೇಕು. ಇಂಗ್ಲಿಷಿನಲ್ಲಿ ಅದು ಮೂರು ಪದಗಳ ಒಂದೇ ವಾಕ್ಯ. ಕನ್ನಡದಲ್ಲಿ ‘ಯಾರು ನೀನು’, ‘ಯಾರು ತಾವು’, ‘ಯಾರಯ್ಯಾ’, ‘ಯಾರಮ್ಮಾ’, ‘ಯಾರ್ರೀ ಅದು’ ಎಲ್ಲವೂ ಬೇರೆ ಬೇರೆ ಸಂಬಂಧ. ಆಟಗಾರ ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ, ಕಾವಲುಗಾರನಿಗೆ ಭಯವೋ ಅಸಡ್ಡೆಯೋ ತೀರ್ಮಾನವಾಗದೆ ಬಾಯಿ ತೆರೆಯುವಂತಿಲ್ಲ. ಆಟಗಾರರ ಹೆಸರನ್ನು ಯಂತ್ರವೇ ವಾಕ್ಯದೊಳಗೆ ಸೇರಿಸುವಾಗ ವಿಭಕ್ತಿ ಕೈಕೊಡುತ್ತದೆ: ರಾಮನಿಗೆ, ಸೀತೆಗೆ, ಗುರುವಿಗೆ. ಬಂದನು, ಬಂದಳು, ಬಂದರು ಎಂಬ ಕ್ರಿಯಾಪದವೂ ಬದಲಾಗಬೇಕು. ಆಟ ಕಟ್ಟುವ ಕೆಲವು ಜನಪ್ರಿಯ ಸಲಕರಣೆಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಲು ಹೆಚ್ಚುವರಿ ಕೆಲಸವೇ ಬೇಕು. ಕನ್ನಡದ ಬರಹಗಾರರು ಮೊದಲ ದಿನದಿಂದ ತಂಡದಲ್ಲಿ ಇರಲೇಬೇಕೆಂದು ಭಾಷೆಯೇ ಒತ್ತಾಯಿಸುತ್ತದೆ.

ಅಂಥ ಬರಹಗಾರರಿಗೆ ಬೇಕಾದ ಪರಂಪರೆ ನಮ್ಮಲ್ಲಿ ಯಥೇಚ್ಛ. ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಲೆಯನ್ನು ನೋಡಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಗೆ ಇಂದು ಒಡೆಯರೆಂದು ಯಾರೂ ಇಲ್ಲ. ಪದ್ಯ ನಿಗದಿ, ಕಥೆಯ ದಾರಿ ನಿಗದಿ. ಆಡುವ ಮಾತು ಮಾತ್ರ ಪಾತ್ರವಾಗಿ ಮಾತಾಡುವ ಅರ್ಥಧಾರಿಯದು. ವೇಷವಿಲ್ಲ, ಕುಣಿತವಿಲ್ಲ. ಎದುರಾಳಿ ಯಾವ ಕಡೆಗೆ ವಾದ ತಿರುಗಿಸಿದರೂ ಪಾತ್ರದ ಔಚಿತ್ಯ ಬಿಡದೆ ಉತ್ತರಿಸಬೇಕು, ಕೊನೆಗೆ ಪ್ರಸಂಗದ ದಾರಿಗೆ ಮರಳಬೇಕು. ಆಟಗಾರರು ಯಾವ ಪ್ರಶ್ನೆ ಆರಿಸಿದರೂ ಪಾತ್ರ ಕೆಡದಂತೆ ಕವಲೊಡೆಯುವ ಸಂಭಾಷಣೆ ಬರೆಯುವುದೂ ಇದೇ ವಿದ್ಯೆ. ಪರರ ಲೋಕದಲ್ಲಿ ಆ ಲೋಕ ಮುರಿಯದೆ ಹೊಸದನ್ನು ಹೇಳುವ ಕಲೆಯನ್ನು ನಾವು ತಲೆಮಾರುಗಳಿಂದ ರಾತ್ರಿಯಿಡೀ ಕೂತು ಕೇಳುತ್ತ ಬಂದಿದ್ದೇವೆ.

ಬಂಡವಾಳ ಕಡಿಮೆ ಇದ್ದರೂ ಹಕ್ಕಿನ ಹಂಗಿಲ್ಲದೆ ದೊರೆಯುವ ಕಥೆಗಳಿವೆ. ನಮ್ಮ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಕೃತಿ ಎಲ್ಲರ ಸ್ವತ್ತು. 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ವನ್ನು ಇಂದು ಯಾರು ಬೇಕಾದರೂ ಆಟವಾಗಿಸಬಹುದು. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳೂ ಹಾಗೆಯೇ. ಹಳೆ ಬೆಂಗಳೂರಿನ ನಡುಮನೆಗಳಲ್ಲಿ ಕನ್ನಡ ಇಂಗ್ಲಿಷ್ ಬೆರೆಸಿ ಆಡುತ್ತಿದ್ದ ಮಾತನ್ನು ಆ ನಾಟಕಗಳಷ್ಟು ಜೀವಂತವಾಗಿ ಹಿಡಿದಿಟ್ಟ ಕೃತಿಗಳು ಕಡಿಮೆ. ಬಸವನಗುಡಿಯಲ್ಲಿ ಬಾಳಿದ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಗವಿಪುರದ ಮಾಸ್ತಿ 1986ರಲ್ಲಿ. ಅವರ ಕೃತಿಗಳಿಗೆ ಇನ್ನೂ ವಾರಸುದಾರರ ಒಪ್ಪಿಗೆ ಬೇಕು, ಕೇಳಿ ಪಡೆಯುವುದೇ ಮರ್ಯಾದೆ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಆಟಕ್ಕೆ ಬರೆಯುವುದನ್ನು ಸಾಹಿತ್ಯದ ಕೆಲಸವೆಂದು ಒಪ್ಪಿ ಒಂದು ಕಮ್ಮಟ ನಡೆಸಬಹುದು. ನಮ್ಮ ಹವ್ಯಾಸಿ ನಾಟಕ ತಂಡಗಳ ನಟರು, ನಾಟಕಕಾರರು ಸ್ಟುಡಿಯೋಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಬಹುದು. ಸರ್ಕಾರ ಆಟಗಳಿಗೆ ನೆರವು ನೀಡುವಾಗ ಬರಹಗಾರರ ಹೆಸರು, ಪಾಲು ಮತ್ತು ಅವರನ್ನು ಸೇರಿಸಿಕೊಂಡ ಹಂತ ಅರ್ಜಿಯಲ್ಲೇ ಇರಬೇಕೆಂದು ಕೇಳಬಹುದು. ಸ್ಟುಡಿಯೋಗಳು ಪರರ ಕೆಲಸದ ಗಳಿಕೆಯಿಂದ ಒಂದು ಪಾಲು ತೆಗೆದಿಟ್ಟು ತಮ್ಮದೇ ಸಣ್ಣ ಲೋಕವೊಂದನ್ನು ಕಟ್ಟಬಹುದು. ಹಾಗೆ ಕಟ್ಟಿದಾಗ ಅದರ ಒಡೆತನದಲ್ಲಿ ಬರೆದವರಿಗೂ ಭಾಗವಿರಲಿ. ನಾಳೆ ಆ ಲೋಕದ ಕವಲು ಆಟ ಬೇರೆ ದೇಶದಲ್ಲಿ ತಯಾರಾಗುವ ದಿನ ಬಂದರೆ ಕಥೆ ಕಾಯುವವರು ಇಲ್ಲೇ ಇರುತ್ತಾರೆ.

ಕೊಲ್ಹಾಪುರದ ಸ್ಟುಡಿಯೋದಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ಮೊದಲ ಬಾರಿಗೆ ಧ್ವನಿಯಂತ್ರಕ್ಕೆ ಸೇರಿದಾಗ ಆ ಯಂತ್ರಕ್ಕೆ ಕನ್ನಡ ಹೊಸದು, ಕನ್ನಡಕ್ಕೆ ಆ ಯಂತ್ರ ಹೊಸದು. ಯಂತ್ರ ನಮ್ಮದಲ್ಲವೆಂದು ಅವರು ಬರೆಯದೆ ಕೂರಲಿಲ್ಲ. ಇಂದು ಯಂತ್ರವೂ ಇಲ್ಲೇ ಇದೆ, ಕೈಗಳೂ ಇಲ್ಲೇ ಇವೆ. ಬರೆಯುವವರು ಬಂದು ಅವುಗಳ ಪಕ್ಕದಲ್ಲಿ ಕೂರಬೇಕು, ಅವರಿಗೆ ಮೊದಲ ದಿನವೇ ಕುರ್ಚಿ ಹಾಕಿರಬೇಕು.